ಸೋದೆಯ ವಾದಿರಾಜರ ಚರಿತ್ರೆ

ಶಿರಸಿಯನ್ನು ಬಿಟ್ಟು ಯಲ್ಲಾಪುರದ ಕಡೆಗೆ ಹೋಗುವವನು ಅರ್ಧ ದಿನ ನಡೆದು, ದೊಡ್ಡ ದಾರಿಯಿಂದ ತುಸು ಒಳಕ್ಕೆ ತಿರುಗಿದರೆ ಸೋದೆ ಎಂಬ ಗ್ರಾಮವನ್ನು ಸೇರುವನು. ಇದನ್ನು ಸೋಂದಾ ಎಂದೂ ಕರೆಯುತ್ತಾರೆ. ಸುತ್ತಲೂ ಕಾಡು, ಕಣಿವೆಗಳಲ್ಲಿ ಅಡಿಕೆಯ ತೋಟ, ಅಡಿಕೆಯ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಹತ್ತಿರದಲ್ಲಿ ಶಾಲ್ಮಲಾ ನದಿ. ಊರು ಚಿಕ್ಕದು. ಆದರೂ ಅಲ್ಲಿ ಮುರಿದ ಕೋಟೆಯ ಗೋಡೆಗಳೂ ಹಳೆಯ ತೋಪುಗಳೂ ಉಂಟು. ಯಾಕಂದರೆ ಒಂದು ಕಾಲದಲ್ಲಿ ಆ ಊರು ರಾಜಧಾನಿಯಾಗಿತ್ತು. ಅದರ ಅರಸರ ಮಾತು ಶಿರಸಿ, ಯಲ್ಲಾಪುರಗಳ ಸೀಮೆಯಲ್ಲಿಯೂ ಘಟ್ಟದ ಕೆಳಗಿನ ಕೆಲವು ಕಡೆಗಳಲ್ಲಿಯೂ ನಡೆಯುತ್ತಿತ್ತು. ಆ ಅರಸರ ಹೆಸರುಗಳನ್ನು ಈ ಹೊತ್ತು ಹತ್ತು ಮಂದಿಯನ್ನು ಕೇಳಿದರೆ ಒಬ್ಬನು ಹೇಳಿದರೆ ಹೆಚ್ಚು. ಆದರೆ ಅದೇ ಊರಿನಲ್ಲಿ ಮುದಿವಯಸ್ಸನ್ನು ಕಳೆದು ಅಲ್ಲಿಯೇ ಮಣ್ಣು ಸೇರಿದ ಒಬ್ಬ ಸನ್ಯಾಸಿಯ ಹೆಸರನ್ನು ಕೇಳಿದರೆ ಎಲ್ಲರೂ ಹೇಳುವರು. ಅವರು ವಾದಿರಾಜರು.

ಈ ತಿಂಗಳು ನಾವು ಅವರ ಜೀವಮಾನವನ್ನು ಕುರಿತು ಬರೆಯಬೇಕೆಂದಿದ್ದೇವೆ. ಅವರ ಮತ ಬೇರೆ, ನಮ್ಮದು ಬೇರೆ. ಅದನ್ನು ಚರ್ಚಿಸುವದು ಈ ಬರಹದ ಉದ್ದೇಶವಲ್ಲ. ಅವರು ಹಾಡು ಕಟ್ಟಿದವರು. ಅವರು ಹಾಡು ಕಟ್ಟಿದ ಕಾಲವು ಈ ದೇಶಕ್ಕೆ ಬಹಳ ಕೆಟ್ಟ ಕಾಲವಾಗಿತ್ತು. ಘಟ್ಟದ ಮೇಲೂ ಕೆಳಗೂ ಯುದ್ಧ. ಸಮುದ್ರದ ತೀರದಲ್ಲಿ ಊರುಗಳಿಗೆ ಬೆಂಕಿ. ಕಡೆಗೆ ದೊಡ್ಡ ರಾಜ್ಯವೊಂದು ಒಂದೇ ಹಗಲಿನಲ್ಲಿ ಮುರಿದುಬಿದ್ದಿತು. ಅಂಥ ದಿನಗಳಲ್ಲಿ ಹುಟ್ಟಿದ ಹಾಡು ಈ ಹೊತ್ತಿಗೂ ಮದುವೆಯ ಮನೆಗಳಲ್ಲಿ ಕೇಳಿಬರುವದು ಹೇಗೆ? ಇದು ಆಲೋಚಿಸತಕ್ಕ ಸಂಗತಿ.

ವಾದಿರಾಜರು ೧೪೮೦ರಲ್ಲಿ ಹುಟ್ಟಿದರೆಂದು ಅವರ ಮಠದವರು ಲೆಕ್ಕವಿಟ್ಟಿದ್ದಾರೆ. ಹುಟ್ಟಿದ ಊರು ಹೂವಿನಕೆರೆ. ಅದು ಈಗಿನ ಉಡುಪಿ ಜಿಲ್ಲೆಯ ಕುಂದಾಪುರ ತಾಲೂಕಿನಲ್ಲಿ, ಕುಂಭಾಸಿಯ ಹತ್ತಿರ, ಗದ್ದೆ ತೆಂಗುಗಳ ನಡುವಿನಲ್ಲಿ ಇರುತ್ತದೆ. ಹುಡುಗನಿಗೆ ತಂದೆತಾಯಿಗಳು ಇಟ್ಟ ಹೆಸರು ಭೂವರಾಹ. ಮಕ್ಕಳಿಲ್ಲದೆ ಬಹುಕಾಲ ಕೊರಗಿದ ಆ ದಂಪತಿಗಳಿಗೆ ಕುಂಭಾಸಿಯ ಮಠದ ವಾಗೀಶ ತೀರ್ಥರು ಆಶೀರ್ವಾದ ಮಾಡಿ, ಮಗನು ಹುಟ್ಟಿದರೆ ಮಠಕ್ಕೆ ಕೊಡಬೇಕೆಂದು ಮಾತು ತೆಗೆದುಕೊಂಡರೆಂಬ ಕಥೆ ಉಂಟು. ಹೇಗೂ ಇರಲಿ, ಹುಡುಗನು ಎಂಟನೆಯ ವರುಷದಲ್ಲಿ ಕಾವಿ ಉಟ್ಟು ಸನ್ಯಾಸಿಯಾದನೆಂದು ಹೇಳುತ್ತಾರೆ. ಬೇರೆ ಮಕ್ಕಳು ದನದ ಹಿಂದೆಯೂ ಚೆಂಡಿನ ಹಿಂದೆಯೂ ಓಡುವ ವಯಸ್ಸಿನಲ್ಲಿ ಅವನು ಮನೆಯನ್ನು ಬಿಟ್ಟು ಗುರುಗಳ ಹಿಂದೆ ನಡೆದನು. ಆ ತಾಯಿಯ ಮನಸ್ಸು ಆ ದಿನ ಹೇಗಿದ್ದೀತೆಂಬದನ್ನು ಮಕ್ಕಳುಳ್ಳ ನಮ್ಮ ವಾಚಕರು ತಾವೇ ತಿಳಿದುಕೊಳ್ಳಲಿ.

ಕುಂಭಾಸಿಯ ಈ ಮಠವು ಉಡುಪಿಯ ಎಂಟು ಮಠಗಳಲ್ಲಿ ಒಂದು. ದ್ವೈತ ಮತವನ್ನು ಸ್ಥಾಪಿಸಿದ ಮಧ್ವಾಚಾರ್ಯರ ತಮ್ಮನಾದ ವಿಷ್ಣು ತೀರ್ಥರಿಂದ ಅದರ ಪರಂಪರೆ ಬಂದಿತು. ಹುಡುಗನು ಅಲ್ಲಿ ಸಂಸ್ಕೃತವನ್ನೂ ತರ್ಕವನ್ನೂ ವೇದಾಂತವನ್ನೂ ಕಲಿತನು. ವಿಜಯನಗರದಲ್ಲಿ ಪ್ರಸಿದ್ಧರಾಗಿದ್ದ ವ್ಯಾಸರಾಯರ ಬಳಿಯಲ್ಲಿಯೂ ಓದಿದನೆಂದು ಹೇಳುತ್ತಾರೆ. ವಾದ ಮಾಡುವದರಲ್ಲಿ ಅವನಿಗೆ ಸರಿಸಮಾನರು ಇರಲಿಲ್ಲವಾದ್ದರಿಂದ ವಾದಿರಾಜ, ಅಂದರೆ ವಾದ ಮಾಡುವವರ ಅರಸು, ಎಂಬ ಹೆಸರು ಅವನಿಗೆ ಒಪ್ಪಿತು. ಇನ್ನು ಮುಂದೆ ನಾವೂ ಅವರನ್ನು ಆ ಹೆಸರಿನಿಂದಲೇ ಕರೆಯುವೆವು.

ಅವರ ಯೌವನದ ದಿನಗಳಲ್ಲಿ ವಿಜಯನಗರದ ರಾಜ್ಯವು ತನ್ನ ಏಳಿಗೆಯ ತುದಿಯಲ್ಲಿತ್ತು. ೧೫೦೯ರಿಂದ ೧೫೨೯ರ ವರೆಗೆ ಕೃಷ್ಣದೇವರಾಯನು ಆಳಿದನು. ಆ ಪಟ್ಟಣದಲ್ಲಿ ಸಂಗೀತಕ್ಕೆ ದೊಡ್ಡ ಮರ್ಯಾದೆ ಇತ್ತು. ಪುರಂದರದಾಸರು ಕನ್ನಡದಲ್ಲಿ ಪದಗಳನ್ನು ಕಟ್ಟಿ ಹಾಡಿದ್ದು ಆ ಕಾಲದಲ್ಲಿಯೇ. ಈಗಲೂ ಕರ್ನಾಟಕ ಸಂಗೀತವನ್ನು ಕಲಿಯುವ ಮಕ್ಕಳು ಅವರು ಹಾಕಿಕೊಟ್ಟ ಪಾಠಗಳಿಂದಲೇ ಆರಂಭಿಸುವರು. ಕುರುಬರ ಕುಲದಲ್ಲಿ ಹುಟ್ಟಿದ ಕನಕದಾಸರೂ ಅದೇ ಕಾಲದವರು. ಸ್ವಲ್ಪ ಸಮಯದ ಮೇಲೆ, ೧೫೫೦ರಲ್ಲಿ, ರಾಮಾಮಾತ್ಯನೆಂಬ ಪಂಡಿತನು ರಾಮರಾಯನ ಆಶ್ರಯದಲ್ಲಿ ಸ್ವರಮೇಳಕಲಾನಿಧಿ ಎಂಬ ಸಂಗೀತಶಾಸ್ತ್ರದ ಗ್ರಂಥವನ್ನು ಬರೆದನು. ಹೀಗೆ ರಾಗತಾಳಗಳ ವಿದ್ಯೆಯು ಅರಮನೆಯಲ್ಲಿ ಶಾಸ್ತ್ರವಾಗಿಯೂ ಬೀದಿಯಲ್ಲಿ ದಾಸರ ಪದವಾಗಿಯೂ ಏಕಕಾಲದಲ್ಲಿ ಬೆಳೆಯುತ್ತಿತ್ತು.

ಆದರೆ ಆಗಿನ ಪಂಡಿತರಲ್ಲಿ ಅನೇಕರು ಕನ್ನಡದ ಹಾಡನ್ನು ಹಗುರವಾಗಿ ಎಣಿಸುತ್ತಿದ್ದರು. ದೇವರ ವಿಷಯವನ್ನು ಸಂಸ್ಕೃತದಲ್ಲಿ ಹೇಳಬೇಕು. ಕನ್ನಡವು ಹೆಂಗಸರಿಗೂ ಒಕ್ಕಲಿಗರಿಗೂ ಸಾಕು ಎಂಬದು ಅವರ ಅಭಿಪ್ರಾಯವಾಗಿತ್ತು. ವಾದಿರಾಜರು ಸಂಸ್ಕೃತದಲ್ಲಿ ಯಾರಿಗೂ ಕಡಿಮೆಯಾದವರಲ್ಲ. ಯುಕ್ತಿಮಲ್ಲಿಕಾ ಎಂಬ ಅವರ ದೊಡ್ಡ ಗ್ರಂಥವೇ ಐದು ಸಾವಿರಕ್ಕೆ ಮಿಕ್ಕಿದ ಶ್ಲೋಕಗಳುಳ್ಳದ್ದು. ರುಕ್ಮಿಣೀಶವಿಜಯ ಎಂಬ ಕಾವ್ಯವು ಹತ್ತೊಂಬತ್ತು ಸರ್ಗಗಳುಳ್ಳದ್ದು. ಅದನ್ನು ಪಂಡಿತರೊಡನೆ ಪಂಥ ಹಾಕಿ ಹತ್ತೊಂಬತ್ತೇ ದಿನಗಳಲ್ಲಿ ಮುಗಿಸಿದರೆಂದು ಭಕ್ತರು ಹೇಳುವರು. ಇಂಥ ವಿದ್ವಾಂಸರು ಕನ್ನಡಕ್ಕೆ ಇಳಿದು ಬಂದರೆಂದು ನಾವು ಹೇಳುವದಿಲ್ಲ. ಕನ್ನಡಕ್ಕೆ ಏರಿ ಬಂದರೆಂದೇ ಹೇಳುವೆವು. ಯಾಕಂದರೆ ಬಲ್ಲವರಿಗೆ ಬಲ್ಲದ್ದನ್ನು ಹೇಳುವದಕ್ಕಿಂತ ಅರಿಯದವರಿಗೆ ಅರಿವಾಗುವಂತೆ ಹೇಳುವದು ಕಷ್ಟ.

ಅವರು ಬಹಳ ತಿರುಗಾಡಿದರು. ಪಶ್ಚಿಮ ಸಮುದ್ರದ ತೀರದಿಂದ ಹಿಡಿದು ಉತ್ತರದ ಗಂಗೆಯ ವರೆಗೂ, ಪೂರ್ವಕ್ಕೂ ದಕ್ಷಿಣಕ್ಕೂ ಸಂಚಾರ ಮಾಡಿ, ಕಂಡ ಕ್ಷೇತ್ರಗಳನ್ನೂ ನದಿಗಳನ್ನೂ ತೀರ್ಥಪ್ರಬಂಧವೆಂಬ ಗ್ರಂಥದಲ್ಲಿ ನಾಲ್ಕು ದಿಕ್ಕುಗಳ ನಾಲ್ಕು ಭಾಗಗಳಾಗಿ ವರ್ಣಿಸಿದರು. ರೈಲು ಇಲ್ಲ, ಬಂಡಿಯ ದಾರಿಯೂ ಎಲ್ಲೆಲ್ಲಿಯೂ ಇಲ್ಲ. ದಂಡುಗಳು ಓಡಾಡುವ ದಾರಿಯಲ್ಲಿಯೇ ಯಾತ್ರಿಕರೂ ನಡೆಯಬೇಕಾಗಿತ್ತು. ಹೀಗೆ ನಡೆದವರಿಗೆ ದೇಶದ ಸ್ಥಿತಿ ಮಠದಲ್ಲಿ ಕೂತವರಿಗಿಂತ ಚೆನ್ನಾಗಿ ಗೊತ್ತಾಗಿರಬೇಕು.

ಉಡುಪಿಯಲ್ಲಿ ಅವರು ಮಾಡಿದ ಒಂದು ಕೆಲಸವು ಇಂದಿಗೂ ನಿಂತಿದೆ. ಅಲ್ಲಿಯ ಕೃಷ್ಣನ ಪೂಜೆಯು ಎಂಟು ಮಠಗಳಿಗೆ ಎರಡೆರಡು ತಿಂಗಳು ಸರದಿಯಾಗಿ ಬರುತ್ತಿತ್ತು. ಎರಡು ತಿಂಗಳಲ್ಲಿ ಒಬ್ಬನು ಏನು ತಾನೇ ಮಾಡಬಲ್ಲನು? ಬಂದ ಕೂಡಲೇ ಹೊರಡುವ ಸಮಯ. ವಾದಿರಾಜರು ಅದನ್ನು ಎರಡೆರಡು ವರುಷಗಳ ಸರದಿಯಾಗಿ ಮಾರ್ಪಡಿಸಿದರು. ೧೫೨೨ರಲ್ಲಿ ಆರಂಭವಾದ ಆ ಪರ್ಯಾಯವು ಐನೂರು ವರುಷಗಳಿಂದ ನಡೆದುಬರುತ್ತಿದೆ. ಉಡುಪಿಯ ಹತ್ತಿರದ ಮಟ್ಟು ಎಂಬ ಊರಿನಲ್ಲಿ ಬೆಳೆಯುವ ಗುಳ್ಳ ಬದನೆಯ ಬೀಜವನ್ನು ಆ ಊರಿನವರಿಗೆ ಕೊಟ್ಟವರೂ ಇವರೇ ಎಂಬ ಮಾತು ಅಲ್ಲಿಯ ರೈತರಲ್ಲಿ ಉಂಟು. ಹೀಗೆ ಜನರು ಇವರನ್ನು ಪೀಠದ ಮೇಲೆ ಮಾತ್ರವಲ್ಲ, ಹೊಲದಲ್ಲಿಯೂ ಅಡಿಗೆಯ ಮನೆಯಲ್ಲಿಯೂ ನೆನಸಿಕೊಳ್ಳುವರು.

ಈಗ ಆ ಕಾಲದ ಯುದ್ಧಗಳ ವಿಷಯವನ್ನು ಹೇಳಬೇಕು. ಅವುಗಳಲ್ಲಿ ಕೆಲವಕ್ಕೆ ಮೂಲವು ನಮ್ಮ ತೋಟಗಳಲ್ಲಿಯೇ ಇತ್ತೆಂದರೆ ಮಲೆನಾಡಿನ ವಾಚಕರು ಆಶ್ಚರ್ಯಪಡಬಹುದು. ಅಡಿಕೆಯ ಮರವನ್ನು ತಬ್ಬಿಕೊಂಡು ಬೆಳೆಯುವ ಮೆಣಸಿನ ಬಳ್ಳಿಯೇ ಆ ಮೂಲ. ಇಲ್ಲಿಯ ಕಾಳುಮೆಣಸು ಎತ್ತುಗಳ ಬೆನ್ನಿನ ಮೇಲೆ ಘಟ್ಟ ಇಳಿದು ಮಿರ್ಜಾನ, ಹೊನ್ನಾವರ, ಭಟ್ಕಳ ಮುಂತಾದ ಬಂದರುಗಳಿಗೆ ಹೋಗಿ, ಅಲ್ಲಿಂದ ದೂರದೇಶಗಳನ್ನು ಸೇರುತ್ತಿತ್ತು. ಅದನ್ನು ತಮ್ಮ ಕೈಯಲ್ಲಿ ಮಾಡಿಕೊಳ್ಳಬೇಕೆಂದು ಪೋರ್ತುಗೀಸರು ಹಡಗುಗಳಲ್ಲಿ ತೋಪುಗಳನ್ನು ಹೇರಿಕೊಂಡು ಬಂದರು. ೧೫೧೦ರಲ್ಲಿ ಗೋವೆಯನ್ನು ಹಿಡಿದರು. ೧೫೪೨ರಲ್ಲಿ ಭಟ್ಕಳವನ್ನು ಸುಟ್ಟರು. ೧೫೬೮ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ೧೫೬೯ರಲ್ಲಿ ಹೊನ್ನಾವರವನ್ನೂ ಬಸರೂರನ್ನೂ ತೆಗೆದುಕೊಂಡರು. ಬಸರೂರು ವಾದಿರಾಜರ ಹುಟ್ಟೂರಿಗೆ ಬಹಳ ಹತ್ತಿರ. ಅವರು ಮಗುವಾಗಿದ್ದಾಗ ಕೇಳಿದ ಮಾತು, ಆಡಿದ ಮಣ್ಣು, ಮೊದಲು ಓದಿದ ಮಠ, ಎಲ್ಲವೂ ತೋಪಿನ ಸದ್ದು ಕೇಳುವ ದೂರದಲ್ಲಿದ್ದವು. ಕೊಲ್ಲಬಂದವರು ಕ್ರಿಸ್ತನ ಹೆಸರನ್ನು ಹೇಳಿಕೊಳ್ಳುವವರಾಗಿದ್ದರೆಂಬದನ್ನು ನಾವು ಮುಚ್ಚಿಡುವದು ಸರಿಯಲ್ಲ. ಅದು ನಮಗೆ ನಾಚಿಕೆಯ ಸಂಗತಿ.

ಘಟ್ಟದ ಮೇಲೆ ಇದಕ್ಕಿಂತ ದೊಡ್ಡ ಅನರ್ಥವು ಆಯಿತು. ಪುರಂದರದಾಸರು ೧೫೬೪ರಲ್ಲಿ ತೀರಿಕೊಂಡರು. ಮರುವರುಷ, ೧೫೬೫ರ ಜನವರಿ ತಿಂಗಳಲ್ಲಿ, ಕೃಷ್ಣಾ ನದಿಯ ಬಳಿಯಲ್ಲಿ ದಖ್ಖಣದ ಸುಲ್ತಾನರ ಕೂಡಿದ ಸೈನ್ಯಕ್ಕೂ ವಿಜಯನಗರದ ಸೈನ್ಯಕ್ಕೂ ಯುದ್ಧವಾಯಿತು. ಜನರು ಅದನ್ನು ರಕ್ಕಸತಂಗಡಿಯ ಯುದ್ಧವೆನ್ನುವರು; ತಾಳಿಕೋಟೆಯ ಯುದ್ಧವೆಂದೂ ಹೆಸರು. ವೃದ್ಧನಾಗಿದ್ದ ರಾಮರಾಯನು ಸೆರೆಸಿಕ್ಕಿ ಕೊಲ್ಲಲ್ಪಟ್ಟನು. ರಾಜವಂಶದವರು ಪಟ್ಟಣವನ್ನು ಬಿಟ್ಟು ಪೆನುಕೊಂಡೆಗೆ ಓಡಿದರು. ಅನಂತರ ಶತ್ರುಗಳು ಬಂದು ತಿಂಗಳುಗಟ್ಟಲೆ ಪಟ್ಟಣವನ್ನು ಸುಲಿದು ಸುಟ್ಟರು. ಯಾವ ಬೀದಿಗಳಲ್ಲಿ ಪುರಂದರದಾಸರು ತಂಬೂರಿ ಹಿಡಿದು ನಡೆದಿದ್ದರೋ ಅವುಗಳಲ್ಲಿ ಹುಲ್ಲು ಬೆಳೆಯಿತು. ಸಂಗೀತದ ಗ್ರಂಥವನ್ನು ಬರೆಸಿದ ರಾಮರಾಯನೂ ಇಲ್ಲ, ಅದನ್ನು ಕೇಳುವ ಸಭೆಯೂ ಇಲ್ಲ. ಮಠದವರ ಲೆಕ್ಕದಂತೆ ಆಗ ವಾದಿರಾಜರು ಎಂಬತ್ತೈದು ವರುಷದವರು. ಒಡನೆ ಓದಿದವರೂ ಒಡನೆ ಹಾಡಿದವರೂ ಹೆಚ್ಚಾಗಿ ಸತ್ತುಹೋಗಿದ್ದರು. ತಮಗೆ ಆಶ್ರಯವಾಗಿದ್ದ ರಾಜ್ಯವು ತಮ್ಮ ಕಣ್ಣೆದುರಿನಲ್ಲಿಯೇ ಮುರಿಯುವದನ್ನು ಅವರು ಕಂಡರು.

ಇಂಥ ಸಮಯದಲ್ಲಿ ಅವರ ಬಾಳಿನ ಕೊನೆಯ ಮತ್ತು ಮುಖ್ಯವಾದ ಭಾಗವು ಸೋದೆಯಲ್ಲಿ ನಡೆಯಿತು. ಅಲ್ಲಿ ೧೫೫೫ರ ಸುಮಾರಿನಿಂದ ಅರಸಪ್ಪ ನಾಯಕನು ಆಳುತ್ತಿದ್ದನು. ವಿಜಯನಗರವು ಬಿದ್ದ ಮೇಲೆ ಅದರ ಕೈಕೆಳಗಿನ ಚಿಕ್ಕ ಅರಸರೆಲ್ಲರೂ ತಮ್ಮ ತಮ್ಮ ತಲೆಯನ್ನು ತಾವೇ ಉಳಿಸಿಕೊಳ್ಳಬೇಕಾಯಿತು. ೧೫೭೦ರ ನಂತರದ ವರುಷಗಳಲ್ಲಿ ಬಿಜಾಪುರದವರು ಬಂಕಾಪುರದ ಕೋಟೆಯನ್ನು ಹಿಡಿದರು. ಅಲ್ಲಿಂದ ಸೋದೆಯ ಕಾಡು ದೂರವಲ್ಲ. ಘಟ್ಟದ ನಾಯಕರು ಬಿಜಾಪುರಕ್ಕೆ ತಲೆಬಾಗಿ ಕಪ್ಪ ಕೊಡುವವರಾದರು. ತೆಂಕಣದಲ್ಲಿ, ಈಗಿನ ಸಿದ್ದಾಪುರದ ಸೀಮೆಯಲ್ಲಿ, ಬಿಳಗಿಯ ಅರಸರು. ಕೆಳಗೆ ಗೇರುಸೊಪ್ಪೆಯಲ್ಲಿ ಮೆಣಸಿನ ರಾಣಿಯೆಂದು ಹೆಸರಾದ ಚೆನ್ನಭೈರಾದೇವಿ. ಇನ್ನೊಂದು ಕಡೆ ದಿನದಿನಕ್ಕೆ ಬಲಿಯುತ್ತಿದ್ದ ಕೆಳದಿಯವರು. ಈ ಎಲ್ಲರ ನಡುವಿನಲ್ಲಿ ಸೋದೆಯು ಹಲ್ಲುಗಳ ನಡುವಿನ ನಾಲಗೆಯಂತೆ ಇತ್ತು.

ಅರಸಪ್ಪ ನಾಯಕನು ಶತ್ರುಗಳಿಂದ ಸೋತು ರಾಜ್ಯವನ್ನು ಕಳಕೊಂಡು ಅಲೆಯುತ್ತಿದ್ದಾಗ ವಾದಿರಾಜರನ್ನು ಕಂಡು ಧೈರ್ಯ ಹೊಂದಿದನೆಂದೂ, ರಾಜ್ಯವು ತಿರಿಗಿ ಕೈಸೇರಿದ ಮೇಲೆ ಅವರನ್ನು ಸೋದೆಗೆ ಕರತಂದನೆಂದೂ ಪರಂಪರೆಯ ಕಥೆ. ಅವನು ಅವರಿಗೆ ಭೂಮಿಯನ್ನು ಬಿಟ್ಟನು. ತ್ರಿವಿಕ್ರಮನ ಗುಡಿ ಎದ್ದಿತು. ಕುಂಭಾಸಿಯ ಮಠವೆಂದು ಹೆಸರಾಗಿದ್ದ ಅವರ ಮಠವು ಅಂದಿನಿಂದ ಸೋದೆ ಮಠವೆಂದು ಕರೆಯಲ್ಪಡುತ್ತದೆ. ಸೋದೆಯಲ್ಲಿ ಜೈನರ ಮಠವೂ ಸ್ಮಾರ್ತರ ಸ್ವರ್ಣವಲ್ಲಿ ಮಠವೂ ಇವೆ. ಒಂದೇ ಚಿಕ್ಕ ಊರಿನ ಸುತ್ತಿನಲ್ಲಿ ಮೂರು ಮತಗಳ ಮೂರು ಮಠಗಳು. ಅಲ್ಲಿ ವಾದಗಳೂ ನಡೆದಿರಬೇಕು. ವಾದಿರಾಜರು ವಾದಕ್ಕೆ ಹಿಂಜರಿಯುವವರಲ್ಲ. ಆದರೆ ಹೊರಗೆ ಕತ್ತಿಯಿಂದ ತೀರ್ಮಾನವಾಗುತ್ತಿದ್ದ ಕಾಲದಲ್ಲಿ ಇಲ್ಲಿ ಮಾತಿನಿಂದ ತೀರ್ಮಾನವಾಗುತ್ತಿತ್ತೆಂಬದು ಚಿಕ್ಕ ಸಂಗತಿಯಲ್ಲ.

ಈಗ ಅವರ ಹಾಡುಗಳಿಗೆ ಬರೋಣ. ದಾಸರ ಪದವು ಹೇಗೆ ಕಟ್ಟಲ್ಪಡುವದೆಂಬದನ್ನು ಎಲ್ಲರೂ ಗಮನಿಸಿರಲಾರರು. ಮೊದಲು ಪಲ್ಲವಿ, ಅದು ಹಾಡಿನ ತಿರುಳು, ಪ್ರತಿಯೊಂದು ನುಡಿಯ ಮೇಲೆಯೂ ಅದಕ್ಕೆ ಹಿಂದಿರುಗಬೇಕು. ಆ ಮೇಲೆ ಅನುಪಲ್ಲವಿ; ಅನಂತರ ಚರಣಗಳು, ಅಂದರೆ ನುಡಿಗಳು. ಕೊನೆಯ ನುಡಿಯಲ್ಲಿ ಕವಿಯು ತನ್ನ ಹೆಸರಿಗೆ ಬದಲಾಗಿ ತನ್ನ ದೇವರ ಹೆಸರನ್ನು ಇಡುವನು, ಇದಕ್ಕೆ ಅಂಕಿತವೆನ್ನುವರು. ವಾದಿರಾಜರ ಅಂಕಿತವು ಹಯವದನ, ಕುದುರೆಯ ಮುಖವುಳ್ಳ ವಿಷ್ಣು. ಈ ಕಟ್ಟಿನಲ್ಲಿ ಒಂದು ಉಪಾಯವಿದೆ. ಓದುಬಾರದವನು ಒಂದು ಸಾಲನ್ನು ಮರೆತರೂ ಪಲ್ಲವಿಯು ಬಂದು ಅವನನ್ನು ದಾರಿಗೆ ಹಚ್ಚುವದು. ಒಬ್ಬನು ನುಡಿಯನ್ನು ಹೇಳಿದರೆ ಉಳಿದವರು ಪಲ್ಲವಿಯಲ್ಲಿ ಕೂಡಿಕೊಳ್ಳಬಹುದು. ಅಕ್ಷರವಿಲ್ಲದವರ ನೆನಪಿಗೆ ಇದಕ್ಕಿಂತ ಒಳ್ಳೆಯ ಊರುಗೋಲು ಇಲ್ಲ.

ಇಂಥ ಪದಗಳ ಸಂಗಡ ವಾದಿರಾಜರು ಕಥೆಯನ್ನು ಹೇಳುವ ದೀರ್ಘವಾದ ಹಾಡುಗಳನ್ನೂ ಕಟ್ಟಿದರು. ವೈಕುಂಠವರ್ಣನೆ, ಗುಂಡಕ್ರಿಯೆ, ಕೀಚಕವಧೆ, ಸ್ವಪ್ನಗದ್ಯ, ಲಕ್ಷ್ಮೀಶೋಭಾನೆ ಇವು ಅವುಗಳಲ್ಲಿ ಕೆಲವು. ಗುಂಡಕ್ರಿಯೆ ಎಂಬದು ಒಂದು ರಾಗದ ಹೆಸರೂ ಆಗಿದೆ. ಹತ್ತು ಅವತಾರಗಳ ವಿಷಯವಾಗಿ ತುಳು ಮಾತಿನಲ್ಲಿ ಒಂದು ಹಾಡನ್ನು ಸಹ ಕಟ್ಟಿದರು. ಆಗಿನ ಪಂಡಿತರಿಗೆ ಕನ್ನಡವೇ ಕೀಳಾಗಿದ್ದರೆ ತುಳುವಿನ ಮಾತೇನು? ಆದರೂ ವೇದಾಂತದ ಪೀಠದಲ್ಲಿ ಕೂತವರು ಗದ್ದೆಯ ಮಾತಿನಲ್ಲಿ ಹಾಡಿದರು. ಗದ್ದೆಯವರಿಗೂ ಅದು ತಿಳಿಯಬೇಕೆಂಬದೇ ಅವರ ಇಚ್ಛೆ.

ಇವುಗಳಲ್ಲಿ ಲಕ್ಷ್ಮೀಶೋಭಾನೆಯು ಎಲ್ಲಕ್ಕಿಂತ ಹೆಚ್ಚಾಗಿ ಜನರ ಬಾಯಲ್ಲಿ ನಿಂತಿತು. ನೂರಕ್ಕೆ ಮಿಕ್ಕಿದ ನುಡಿಗಳುಳ್ಳ ಈ ಹಾಡು ಸಮುದ್ರಮಥನದ ಕಥೆಯನ್ನೂ ಸಮುದ್ರದಿಂದ ಹುಟ್ಟಿದ ಲಕ್ಷ್ಮಿಯು ವರನನ್ನು ಆರಿಸಿಕೊಂಡ ವಿಧವನ್ನೂ ಆ ಮದುವೆಯ ಸಡಗರವನ್ನೂ ಹೇಳುವದು. ಒಂದು ಮದುವೆಯ ಮನೆಯಲ್ಲಿ ಮದುಮಗನು ಸತ್ತುಬಿದ್ದಾಗ ವಾದಿರಾಜರು ಇದನ್ನು ಹಾಡಿದರೆಂದೂ ಅವನು ಎದ್ದು ಕೂತನೆಂದೂ ಭಕ್ತರು ಹೇಳುವರು. ಆ ಕಥೆಯನ್ನು ನಂಬುವದೂ ಬಿಡುವದೂ ಅವರವರ ಮನಸ್ಸು. ಆದರೆ ಅದರೊಳಗೆ ಒಂದು ಸತ್ಯವಿದೆಯೆಂದು ನಮಗೆ ತೋರುತ್ತದೆ. ಮರಣವು ಚಪ್ಪರದ ಕೆಳಗೆ ಬಂದು ಕೂತ ಕಾಲದಲ್ಲಿ ಅವರು ಮದುವೆಯ ಹಾಡನ್ನು ಕಟ್ಟಿದರು. ಊರು ಸುಟ್ಟವರ ಮನೆಯಲ್ಲಿಯೂ ಮಕ್ಕಳು ದೊಡ್ಡವರಾಗುವರು, ಅವರಿಗೆ ಮದುವೆಯಾಗಬೇಕು, ಆಗ ಹೆಂಗಸರು ಏನನ್ನಾದರೂ ಹಾಡಬೇಕು. ಸಮುದ್ರವನ್ನು ಕಡೆಯುವ ಕಥೆಯೂ ಕೋಲಾಹಲದ ಕಥೆಯೇ. ಮೊದಲು ಮೇಲಕ್ಕೆ ಬಂದದ್ದು ವಿಷ. ಅಮೃತವು ಕಡೆಗೆ ಬಂತು. ತಮ್ಮ ಕಾಲದ ಯುದ್ಧಗಳನ್ನು ಮನಸ್ಸಿನಲ್ಲಿಟ್ಟೇ ಇದನ್ನು ಕಟ್ಟಿದರೆಂದು ನಾವು ಹೇಳುವದಿಲ್ಲ. ಆದರೆ ಆ ಯುದ್ಧಗಳನ್ನು ಕಂಡ ಹೆಂಗಸರು ಇದನ್ನು ಹಾಡುವಾಗ ವಿಷವೆಂದರೇನೆಂದು ಯಾರೂ ಅವರಿಗೆ ತಿಳಿಸಿಕೊಡಬೇಕಾಗಿರಲಿಲ್ಲ.

ವಾದಿರಾಜರು ಹುಟ್ಟಿ ಮೂರು ವರುಷಗಳಾದ ಮೇಲೆ, ೧೪೮೩ರಲ್ಲಿ, ಬಹುದೂರದ ಜರ್ಮನಿ ದೇಶದಲ್ಲಿ ಮಾರ್ಟಿನ್ ಲೂಥರರು ಹುಟ್ಟಿದರು. ಇವರಿಗೆ ಅವರ ಸುದ್ದಿಯಿಲ್ಲ, ಅವರಿಗೆ ಇವರ ಸುದ್ದಿಯಿಲ್ಲ. ಬೋಧನೆಯಲ್ಲಿ ಹೋಲಿಕೆಯೂ ಇಲ್ಲ. ಆದರೂ ಅವರೂ ಲತೀನ್ ಬಲ್ಲ ಪಂಡಿತರಾಗಿದ್ದು, ಜನರ ಮಾತಿನಲ್ಲಿ ಕೀರ್ತನೆಗಳನ್ನು ಬರೆದರು. ಅವುಗಳ ಮೊದಲನೆಯ ಪುಸ್ತಕಗಳು ೧೫೨೪ರಲ್ಲಿ ಹೊರಟವು. ಅದೇ ವರುಷ ಅಲ್ಲಿ ರೈತರ ದಂಗೆಯು ಎದ್ದು, ಮರುವರುಷ ಬಹಳ ರಕ್ತ ಸುರಿಯಿತು. ನಾವು ಆರಾಧನೆಯಲ್ಲಿ ಹಾಡುವ ಕೆಲವು ಕೀರ್ತನೆಗಳು ಹುಟ್ಟಿದ್ದು ಅಂಥ ದಿನಗಳಲ್ಲಿಯೇ. ಇಬ್ಬರಿಗೂ ಒಂದು ದೊಡ್ಡ ವ್ಯತ್ಯಾಸವಿತ್ತು. ಲೂಥರರ ಕೈಯಲ್ಲಿ ಅಚ್ಚಿನ ಯಂತ್ರವಿತ್ತು. ಒಂದು ಹಾಡು ಕೆಲವು ವಾರಗಳಲ್ಲಿ ಸಾವಿರ ಮನೆಗಳನ್ನು ಮುಟ್ಟಬಹುದಾಗಿತ್ತು. ಇಲ್ಲಿ ೧೫೫೬ರಲ್ಲಿ ಗೋವೆಗೆ ಅಚ್ಚಿನ ಯಂತ್ರವು ಬಂತಾದರೂ ಕನ್ನಡದ ಹಾಡಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ. ವಾದಿರಾಜರ ಹಾಡುಗಳಿಗೆ ತಾಳೆಗರಿ ಒಂದು ಆಧಾರ, ಮನುಷ್ಯರ ಕಂಠ ಇನ್ನೊಂದು ಆಧಾರ. ತಾಳೆಗರಿಯನ್ನು ಗೆದ್ದಲು ತಿನ್ನುವದು, ಬೆಂಕಿ ಸುಡುವದು. ಕಂಠವೋ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟುವದು.

ಈ ದಾಟುವಿಕೆಯಲ್ಲಿ ಸ್ವಲ್ಪ ನಷ್ಟವೂ ಆಯಿತು. ಆ ಕಾಲದಲ್ಲಿ ಹಾಡಿನ ರಾಗತಾಳಗಳ ಹೆಸರನ್ನು ಬರೆದಿಟ್ಟರೇ ಹೊರತು ಸ್ವರಗಳನ್ನು ಪೂರ್ತಿಯಾಗಿ ಬರೆದಿಡುವ ವಾಡಿಕೆಯಿರಲಿಲ್ಲ. ಆದಕಾರಣ ದಾಸರು ಹಾಡಿದ ಮೂಲ ಧಾಟಿಗಳು ಹೆಚ್ಚಾಗಿ ಮರೆತುಹೋದವು. ಈಗಿನ ಗಾಯಕರು ತಮಗೆ ಒಪ್ಪಿದ ರಾಗದಲ್ಲಿ ಅವುಗಳನ್ನು ಹಾಡುವರು. ಹಳ್ಳಿಯ ಹೆಂಗಸರು ತಮ್ಮ ಮನೆಯ ಧಾಟಿಯಲ್ಲಿ ಹೇಳುವರು. ಮಾತು ಉಳಿಯಿತು, ಬಟ್ಟೆ ಬದಲಾಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗ್ ಪಂಡಿತರು ಮಂಗಳೂರಿನಲ್ಲಿ ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ಅನ್ಯಮತದ ಹಾಡುಗಳಿಗಾಗಿ ಇಷ್ಟು ಕಷ್ಟವೇಕೆಂದು ಕೇಳಿದವರು ಆಗಲೂ ಇದ್ದಿರಬಹುದು. ಆದರೆ ಒಂದು ಜನದ ಹೃದಯವನ್ನು ತಿಳಿಯಬೇಕಾದರೆ ಅದರ ಹಾಡುಗಳನ್ನು ತಿಳಿಯಬೇಕೆಂಬದು ಅವರಿಗೆ ಗೊತ್ತಿತ್ತು.

ವಾದಿರಾಜರು ೧೬೦೦ನೆಯ ವರುಷದ ಫಾಲ್ಗುಣ ಬಹುಳ ತದಿಗೆಯಲ್ಲಿ ಸೋದೆಯಲ್ಲಿ ಬೃಂದಾವನವನ್ನು ಸೇರಿದರು. ಮಠದವರ ಲೆಕ್ಕದಂತೆ ನೂರ ಇಪ್ಪತ್ತು ವರುಷಗಳ ಬಾಳು. ಜೀವವಿರುವಾಗಲೇ ಬೃಂದಾವನದೊಳಗೆ ಕೂತು ಜಪ ಮಾಡುತ್ತಾ ಅದನ್ನು ಮುಚ್ಚಿಸಿಕೊಂಡರೆಂದು ಭಕ್ತರು ನಂಬುವರು. ಅವರ ಬೃಂದಾವನವು ಅಲ್ಲಿ ಬೇರೆ ನಾಲ್ಕರ ನಡುವಿನಲ್ಲಿ ಇರುವದರಿಂದ ಪಂಚಬೃಂದಾವನವೆಂದು ಹೆಸರು. ಹತ್ತಿರದಲ್ಲಿ ಧವಳಗಂಗೆ ಎಂಬ ಕೆರೆ. ಪ್ರತಿವರುಷ ಆ ತದಿಗೆಯ ದಿನ ಉಡುಪಿಯಿಂದಲೂ ಘಟ್ಟದ ಮೇಲಿನಿಂದಲೂ ಜನರು ಅಲ್ಲಿ ಕೂಡುವರು.

ಅವರ ಅನಂತರ ಸೋದೆಯ ಅರಸರು ನೂರ ಅರುವತ್ತು ವರುಷಗಳಿಗಿಂತ ಹೆಚ್ಚು ಕಾಲ ಆಳಿದರು. ಯುದ್ಧಗಳು ನಿಲ್ಲಲಿಲ್ಲ, ಬಿಜಾಪುರದವರಾದ ಮೇಲೆ ಮರಾಠರು, ಮೊಗಲರು, ಗೋವೆಯ ಪೋರ್ತುಗೀಸರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಆಳಿದ ಸದಾಶಿವರಾಯನು ವೀರಶೈವನು. ಅವನೂ ರಾಗಗಳಿಗೆ ಹೊಂದಿಸಿ ಸ್ವರವಚನಗಳೆಂಬ ಹಾಡುಗಳನ್ನು ಕನ್ನಡದಲ್ಲಿ ಕಟ್ಟಿದನು. ಶಿರಸಿಯ ಮಾರಿಕಾಂಬೆಯ ಗುಡಿಯು ಸ್ಥಾಪನೆಯಾದದ್ದೂ ಅವನ ಕಾಲದಲ್ಲಿ, ೧೬೮೮ರಲ್ಲಿ. ಹೀಗೆ ಯತಿಯು ಹಾಡಿದ ಊರಿನಲ್ಲಿ ಅರಸನೂ ಹಾಡಿದನು. ಮತ ಬೇರೆಯಾದರೂ ಆ ನೆಲದ ಗುಣವು ಬದಲಾಗಲಿಲ್ಲ. ಕಡೆಗೆ ೧೭೬೩ರ ಸುಮಾರಿನಲ್ಲಿ ಹೈದರಾಲಿಯ ದಂಡು ಸೋದೆಯ ಮೇಲೆ ಬಂತು. ಅರಸನಾದ ಇಮ್ಮಡಿ ಸದಾಶಿವನು ಗೋವೆಗೆ ಓಡಿಹೋಗಿ ಪೋರ್ತುಗೀಸರ ಆಶ್ರಯವನ್ನು ಹೊಂದಿದನು. ಅರಮನೆಯು ಹಾಳಾಯಿತು. ಕೋಟೆಯ ಗೋಡೆಯೊಳಗೆ ಮರಗಳು ಬೇರುಬಿಟ್ಟವು.

ಇದನ್ನೆಲ್ಲಾ ನೋಡಿದರೆ ನಮ್ಮ ಮನಸ್ಸಿಗೆ ಒಂದು ಸಂಗತಿ ಬರುತ್ತದೆ. ಆ ಕಾಲದಲ್ಲಿ ಪ್ರತಿಯೊಬ್ಬನೂ ತನಗೆ ಬೆಲೆಯುಳ್ಳದ್ದನ್ನು ಎಲ್ಲಿ ಇಡಬೇಕೆಂದು ಚಿಂತಿಸುತ್ತಿದ್ದನು. ಅರಸರು ತಮ್ಮ ಬೊಕ್ಕಸವನ್ನು ಕೋಟೆಯಲ್ಲಿ ಇಟ್ಟರು, ಕೋಟೆ ಬಿದ್ದಿತು. ವರ್ತಕರು ಬಂದರಿನ ಉಗ್ರಾಣದಲ್ಲಿ ಇಟ್ಟರು, ಬಂದರು ಸುಟ್ಟಿತು. ವಾದಿರಾಜರಿಗೂ ಬೆಲೆಯುಳ್ಳದ್ದು ಇತ್ತು, ಒಂದು ಬಾಳಿನ ವಿದ್ಯೆ ಮತ್ತು ಭಕ್ತಿ. ಅದರಲ್ಲಿ ಒಂದು ಪಾಲನ್ನು ಪಂಡಿತರಿಗಾಗಿ ಗ್ರಂಥಗಳಲ್ಲಿ ಇಟ್ಟರು. ಅದನ್ನು ಈಗಲೂ ಕೆಲವರು ಓದುತ್ತಾರೆ. ಇನ್ನೊಂದು ಪಾಲನ್ನು ಅಕ್ಷರವಿಲ್ಲದ ಹೆಂಗಸರ ಬಾಯಲ್ಲಿ ಇಟ್ಟರು. ಲೋಕವು ಅತಿ ಬಲಹೀನವೆಂದು ಎಣಿಸಿದ ಪಾತ್ರೆ ಅದೇ. ನಾಲ್ಕು ನೂರು ವರುಷಗಳಾದರೂ ಅದರಿಂದ ಒಂದು ಹನಿಯೂ ಸೋರಲಿಲ್ಲ.

ನಮ್ಮ ಸಭೆಗಳಲ್ಲಿಯೂ ಅಕ್ಷರ ಬಾರದ ಅಜ್ಜಿಯರು ಇದ್ದಾರೆ. ಪುಸ್ತಕವನ್ನು ತೆರೆಯದೆಯೇ ಅವರು ಎಲ್ಲಾ ಚರಣಗಳನ್ನು ಹಾಡುವರು. ಒಂದೊಂದು ಮಾತನ್ನು ತಪ್ಪಾಗಿಯೂ ಹೇಳುವರು, ಎಳೆಯರು ನಗುವರು. ನಗುವ ಎಳೆಯರು ಶಿರಸಿಯ ಕಡೆಗೆ ಹೋದಾಗ ಒಮ್ಮೆ ಸೋದೆಗೆ ಹೋಗಿ ಆ ತೋಪುಗಳನ್ನು ನೋಡಿ ಬರಲಿ. ಆ ಮೇಲೆ ಮನೆಗೆ ಬಂದು ಅಜ್ಜಿಯ ಬಳಿಯಲ್ಲಿ ಕೂತು, ಆಕೆ ಬಲ್ಲ ಹಾಡುಗಳನ್ನು, ಆಕೆ ಇನ್ನೂ ಇರುವಾಗಲೇ, ಕಲಿತುಕೊಳ್ಳಲಿ.